ಜರ್ನಲ್ ಕಡತವ್ಯವಸ್ಥೆಯ ಮುಕ್ತಾಯಕ್ರಮ: ಒಂದು ಚಾರಿತ್ರಿಕ ಟಿಪ್ಪಣಿ

ಮಾರ್ಪಾಟುಗಳನ್ನು ಮೊದಲು ಜರ್ನಲ್‌ನಲ್ಲಿ ದಾಖಲಿಸಿ, ಅನಂತರ ಸ್ವಸ್ಥಾನದಲ್ಲಿ ಬರೆಯುವ ಕ್ರಮವನ್ನು ಲಿನಕ್ಸ್‌ನ ಎಕ್ಸ್ಟ್-2 ಕಡತವ್ಯವಸ್ಥೆಗೆ ಅಳವಡಿಸುವ ಬಗೆಯನ್ನು ಸ್ಟೀಫನ್ ಟ್ವೀಡಿಯವರು 1998ರಲ್ಲಿ ನಿರೂಪಿಸಿದರು. 2001ರಲ್ಲಿ ಅದು ಎಕ್ಸ್ಟ್-3 ಎಂಬ ಹೆಸರಿನಿಂದ ಲಿನಕ್ಸ್ ಕರ್ನಲ್ಲನ್ನು ಸೇರಿತು. ವಿದ್ಯುತ್ತು ಹಠಾತ್ತನೆ ನಿಂತರೂ ಕಡತವ್ಯವಸ್ಥೆ ಅಸ್ತವ್ಯಸ್ತವಾಗದಂತೆ ಕಾಯುವುದೇ ಇದರ ಉದ್ದೇಶ.

ಆದರೆ ಮುಂದೆ ಬಂದ ಎಕ್ಸ್ಟ್-4ರಲ್ಲಿ, ವಿಧಿವತ್ತಾದ ಮುಕ್ತಾಯದಲ್ಲಿಯೇ ಒಂದು ಅಪಾಯವು ಅಡಗಿದ್ದಿತು. ಜರ್ನಲ್ ಬರೆಯುವ ಥ್ರೆಡ್, ತಾನು ನಿರ್ಗಮಿಸಿದೆನೆಂದು ಮೊದಲು ಗುರುತು ಮಾಡಿ, ಅನಂತರ ಕಾದಿರುವವರನ್ನು ಎಚ್ಚರಿಸುತ್ತಿದ್ದಿತು. ಈ ಎರಡರ ನಡುವಣ ಕ್ಷಣದಲ್ಲಿ ಡಿಸ್ಕನ್ನು ಕಳಚುವ ಕಾರ್ಯವು ಆ ಗುರುತನ್ನು ಕಂಡು ಜರ್ನಲ್‌ನ ಸ್ಮೃತಿಯನ್ನು ಬಿಟ್ಟುಕೊಟ್ಟರೆ, ಥ್ರೆಡ್ ತನ್ನದಲ್ಲದ ಸ್ಮೃತಿಯನ್ನು ಮುಟ್ಟುತ್ತಿದ್ದಿತು. 2017ರ ತಿದ್ದುಪಡಿಯು ಗುರುತನ್ನೂ ಎಚ್ಚರಿಕೆಯನ್ನೂ ಒಂದೇ ಬೀಗದೊಳಗೆ ಇರಿಸಿತು. ಕಳಚುವ ಕಾರ್ಯವು ಆ ಬೀಗಕ್ಕಾಗಿ ಕಾಯಲೇಬೇಕಾಯಿತು. ಕೆಲಸ ಮುಗಿದುದು ಬೇರೆ, ಕೆಲಸಗಾರನು ಹೊರಟುಹೋದುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.