ಗಾಜಿನ ಟಗರು, ಪುನ್ನಾಟದ ವೈಡೂರ್ಯ

ಫಿನೀಷಿಯನ್ನರ ಗಾಜಿನ ಪದಕಗಳನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಗಡ್ಡದ ಮುಖ, ಸುರುಳಿ ಕೊಂಬಿನ ಟಗರಿನ ತಲೆ, ದೊಡ್ಡ ದೊಡ್ಡ ಕಣ್ಣು. ಮಣ್ಣು ಮೆತ್ತಿದ ಲೋಹದ ಸರಳಿಗೆ ಕರಗಿದ ಗಾಜು ಸುತ್ತಿ, ಮೇಲೆ ಬೇರೆ ಬಣ್ಣದ ಗಾಜಿನ ಬೊಟ್ಟಿಟ್ಟರೆ ಅದೇ ಕಣ್ಣು. ಕಾರ್ತೇಜಿನ ಗೋರಿಗಳಲ್ಲಿ ಇಂಥವು ಸಿಕ್ಕಿವೆ.

ಗಾಜು ಹುಟ್ಟಿದ್ದೇ ಫಿನೀಷಿಯದ ಮರಳ ದಂಡೆಯಲ್ಲಿ ಅಂತ ಕಥೆ ಹೇಳಿದವನು ರೋಮಿನ ಪ್ಲಿನಿ (ಸಾವು ಕ್ರಿ.ಶ. 79). ಅದೇ ಗ್ರಂಥದಲ್ಲಿ ನಮ್ಮ ಮೇಲೊಂದು ದೂರೂ ಇದೆ: ಭಾರತದವರು ಸ್ಫಟಿಕಕ್ಕೆ ಬಣ್ಣ ಕೊಟ್ಟು ವೈಡೂರ್ಯದ ನಕಲು ಮಾಡ್ತಾರಂತೆ! (ವೈಡೂರ್ಯ ಅಂದರೆ ಇಲ್ಲಿ ಬೆರಿಲ್, ಇಂದಿನ ಅಂಗಡಿಯವರು ಹೇಳುವ ಬೆಕ್ಕಿನ ಕಣ್ಣಿನ ಕಲ್ಲಲ್ಲ.) ಅಸಲಿಗೆ ಬೆಲೆ ಇದ್ದರೆ ತಾನೇ ನಕಲು? ಆ ಅಸಲು ಸಿಗುವ ಜಾಗ ಅಂತ ಕ್ರಿ.ಶ. 150ರ ಸುಮಾರಿಗೆ ಟಾಲೆಮಿ ಹೆಸರಿಸುವುದು 'ಪೌನ್ನಾಟ'.

ಬರೀ ಹೆಸರಿನ ಹೋಲಿಕೆ ನಂಬಿದರೆ ಕೆಟ್ಟೆವು. ಇಲ್ಲಿ ಶಾಸನ ಕೈಹಿಡಿಯುತ್ತದೆ. ಪುನ್ನಾಟದ ರವಿದತ್ತನ ಕೊಮರಲಿಂಗಂ ತಾಮ್ರಪಟದಲ್ಲಿ ಕಿತ್ತಿಪುರ ಬರುತ್ತದೆ. ಅದೇ ಕೀರ್ತಿಪುರ, ಕಪಿಲೆಯ ದಡದ ಕಿತ್ತೂರು, ಎಚ್.ಡಿ. ಕೋಟೆ ತಾಲ್ಲೂಕು, ಕಾಕನಕೋಟೆ ಕಾಡಿನ ಸೀಮೆ. ಪಟ ಟಾಲೆಮಿಗಿಂತ ಶತಮಾನಗಳಷ್ಟು ಈಚಿನದು ಅನ್ನೋದನ್ನು ಮರೆಯಬಾರದು.

ತೊಡಕು ಇನ್ನೊಂದಿದೆ. ಬೆರಿಲ್ ಗಣಿಗೆ ಹೆಸರಾದದ್ದು ಕೊಯಮತ್ತೂರು ಸೀಮೆಯ ಪಡಿಯೂರು. ಪುನ್ನಾಟದವರು ತಾವೇ ಅಗೆದರೋ, ಅಲ್ಲಿಂದ ತರಿಸಿ ಮಾರಿದರೋ? ತಾಮ್ರಪಟ ಕೈಯಿಂದ ಕೈಗೆ ಹೋಗುವ ವಸ್ತು, ನಿಜ. ಆದರೂ ಕೊಮರಲಿಂಗಂ ಇರುವುದು ಅದೇ ಸೀಮೆಯಲ್ಲಿ. ಹಾಗಾಗಿ ವ್ಯಾಪಾರದ ಪಕ್ಷವೇ ನನಗೆ ಹೆಚ್ಚು ಒಪ್ಪಿಗೆ.