ಕಮಿಟ್ ಅಧಿಕಾರ ಮತ್ತು ಬಿಡುಗಡೆಯ ಸಹಿ: ಮುಕ್ತ ತಂತ್ರಾಂಶದ ಕಾವಲು ಕುರಿತು ಒಂದು ತಕರಾರು

ಮುಕ್ತ ತಂತ್ರಾಂಶದ ಭದ್ರತೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಎರಿಕ್ ರೇಮಂಡ್ ಅವರ ಒಂದು ಸೂತ್ರವನ್ನು ಒಪ್ಪಿಯೋ ಅಲ್ಲಗಳೆದೋ ಮಾತು ಆರಂಭಿಸುತ್ತಾರೆ. ನೋಡುವವರ ಬಳಗ ದೊಡ್ಡದಾದಷ್ಟೂ ದೋಷಗಳು ಬೇಗ ಬಯಲಿಗೆ ಬರುತ್ತವೆ ಎಂಬುದು 1997ರಲ್ಲಿ ಅವರು ಮಂಡಿಸಿದ ‘ದಿ ಕ್ಯಾಥೆಡ್ರಲ್ ಅಂಡ್ ದ ಬಜಾರ್’ ಪ್ರಬಂಧದ ಪ್ರಸಿದ್ಧ ಪ್ರತಿಪಾದನೆ. ಲಿನಕ್ಸ್ ಕರ್ನಲಿನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರ ಹೆಸರಿನಲ್ಲಿ ಅದಕ್ಕೆ ‘ಲಿನಸ್ ನಿಯಮ’ ಎಂಬ ಹೆಸರೂ ನಿಂತಿತು. ಒಬ್ಬರು ಬರೆದ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಪ್ಪುವ ಕೋಡ್ ರಿವ್ಯೂ ಪದ್ಧತಿಗೆ ಈ ನಿಯಮವನ್ನು ನಂತರದ ಚರ್ಚೆಗಳು ನೇರವಾಗಿ ಅನ್ವಯಿಸಿದವು. ಹಾಗೆ ಅನ್ವಯಿಸಿದ್ದು ಸರಿಯಲ್ಲ ಎಂಬುದು ಈ ಲೇಖನದ ವಾದ. ಅದರಿಂದಾಗಿ, ಕೋಡಿನ ಭಂಡಾರಕ್ಕೆ (ರೆಪೊಸಿಟರಿಗೆ) ಬದಲಾವಣೆ ಸೇರಿಸುವ ಕಮಿಟ್ ಅಧಿಕಾರದಷ್ಟೇ ಗಂಭೀರವಾದ ಇನ್ನೊಂದು ಅಧಿಕಾರ, ಬಿಡುಗಡೆಗೆ ಸಹಿ ಹಾಕುವ ಅಧಿಕಾರ, ರಿವ್ಯೂ ಕುರಿತ ಅಧ್ಯಯನಗಳ ಗಮನದಿಂದ ಬಹುಮಟ್ಟಿಗೆ ಜಾರಿಹೋಗಿದೆ. ಎಕ್ಸ್‌ಝಡ್ ಎಂಬ ಸಂಕುಚನ ಗ್ರಂಥಾಲಯದಲ್ಲಿ 2024ರಲ್ಲಿ ಹಿಂಬಾಗಿಲು ಪತ್ತೆಯಾದ ಪ್ರಕರಣ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಲು ಸಾಕಷ್ಟು ಸಾಕ್ಷ್ಯ ಒದಗಿಸಿದೆ.

ಹಿಂದಿನ ಅಧ್ಯಯನಗಳಲ್ಲಿ ವಿವಾದವಿಲ್ಲದ ಭಾಗ ಸಾಕಷ್ಟಿದೆ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ವಿವರಿಸಿದ ವಿಧ್ಯುಕ್ತ ತಪಾಸಣಾ ಸಭೆಗಳಿಂದ ಇಂದಿನ ಹಗುರವಾದ ರಿವ್ಯೂವರೆಗಿನ ದಾರಿ ಚೆನ್ನಾಗಿ ದಾಖಲಾಗಿದೆ. ಮೋಕಸ್, ಫೀಲ್ಡಿಂಗ್ ಮತ್ತು ಹರ್ಬ್ಸ್‌ಲೆಬ್ ಅವರ 2002ರ ಅಧ್ಯಯನ ಅಪಾಚೆ ವೆಬ್ ಸರ್ವರಿನ ಹೊಸ ಕೋಡಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ಕೇವಲ 15 ಜನರದ್ದೆಂದು ತೋರಿಸಿತು. ರಿಗ್ಬಿ, ಜರ್ಮನ್ ಮತ್ತು ಸ್ಟೋರಿ 2008ರಲ್ಲಿ ಅದೇ ಯೋಜನೆಯ ರಿವ್ಯೂಗಳನ್ನು ಪರಿಶೀಲಿಸಿ, ಪುಟ್ಟ ಪುಟ್ಟ ಬದಲಾವಣೆಗಳನ್ನು ವಿಷಯ ಬಲ್ಲ ಕೆಲವರು ತಾವಾಗಿಯೇ ಬೇಗ ನೋಡುತ್ತಾರೆ ಎಂದು ಕಂಡುಕೊಂಡರು. ಮೈಕ್ರೋಸಾಫ್ಟ್‌ನಲ್ಲಿ ಅಧ್ಯಯನ ನಡೆಸಿದ ಬಕೆಲ್ಲಿ ಮತ್ತು ಬರ್ಡ್ (2013), ರಿವ್ಯೂ ನಡೆಸುವವರು ದೋಷಪತ್ತೆಯನ್ನೇ ಮುಖ್ಯವಾಗಿ ನಿರೀಕ್ಷಿಸಿದರೂ ಅದರಿಂದ ಹೆಚ್ಚಾಗಿ ದಕ್ಕುವುದು ತಿಳಿವಳಿಕೆಯ ಹಂಚಿಕೆ ಮತ್ತು ಕೋಡಿನ ಸಣ್ಣ ಸುಧಾರಣೆಗಳು ಎಂದು ತೀರ್ಮಾನಿಸಿದರು. ಈ ಯಾವ ಅಧ್ಯಯನದಲ್ಲೂ ಸಾವಿರಾರು ಕಣ್ಣುಗಳ ಬಜಾರು ಕಾಣುವುದಿಲ್ಲ. ಕಾಣುವುದು ಸಣ್ಣದೊಂದು ಬಳಗ.

ಆ ಬಳಗದೊಳಗೆ ಸೇರುವ ನಿಯಮಗಳು ಯೋಜನೆಯಿಂದ ಯೋಜನೆಗೆ ಬೇರೆ. ಅಪಾಚೆಯಲ್ಲಿ ಮೊದಲು ಕಮಿಟ್ ಮಾಡಿ ಆಮೇಲೆ ರಿವ್ಯೂಗೆ ಒಡ್ಡುವ ಪದ್ಧತಿಯೂ ಇದೆ, ಮೊದಲು ರಿವ್ಯೂ ಮುಗಿಸಿ ಆಮೇಲೆ ಕಮಿಟ್ ಮಾಡುವ ಪದ್ಧತಿಯೂ ಇದೆ. ತಾಂತ್ರಿಕ ಕಾರಣ ಕೊಟ್ಟು ಹಾಕಿದ ಒಂದೇ ವಿರೋಧಮತ ಬದಲಾವಣೆಯನ್ನು ತಡೆಯಬಲ್ಲದು. ಫ್ರೀಬಿಎಸ್‌ಡಿಯಲ್ಲಿ ‘ಕಮಿಟ್ ಬಿಟ್’ ಪಡೆದ ಹೊಸಬರು ಕೆಲಕಾಲ ಒಬ್ಬ ಮಾರ್ಗದರ್ಶಿಯ ಒಪ್ಪಿಗೆಯಿಲ್ಲದೆ ಕಮಿಟ್ ಮಾಡುವಂತಿಲ್ಲ. ಪೈಥಾನ್‌ನಲ್ಲಿ ಮೂಲ ತಂಡಕ್ಕೆ ಸೇರಲು ಇರುವ ಸದಸ್ಯರು ಚಲಾಯಿಸಿದ ಮತಗಳಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಬೇಕು. ಲಿನಕ್ಸ್ ಕರ್ನಲಿನಲ್ಲಿ ಎಲ್ಲರೂ ಬರೆಯಬಹುದಾದ ಸಾಮೂಹಿಕ ರೆಪೊಸಿಟರಿಯೇ ಇಲ್ಲ. ಅಲ್ಲಿ ಪ್ಯಾಚುಗಳು ಒಬ್ಬ ಮೇಂಟೇನರ್‌ನಿಂದ ಇನ್ನೊಬ್ಬರ ಕೈಗೆ ಏರುತ್ತ ಹೋಗಿ ಕೊನೆಗೆ ಟೋರ್ವಾಲ್ಡ್ಸ್ ಅವರ ಕವಲಿಗೆ ಸೇರುತ್ತವೆ, ಹಾದಿಯುದ್ದಕ್ಕೂ ಸಹಿಗಳ ಸಾಲು ಬೆಳೆಯುತ್ತದೆ.

ವಿವಾದ ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ನಿಯಮಗಳೆಲ್ಲ ಉದ್ದೇಶಪೂರ್ವಕ ಕೇಡನ್ನು ತಡೆಯುವ ಬೇಲಿಗಳೆಂದೂ, ರಿವ್ಯೂ ಬಿಗಿಯಾದಷ್ಟೂ ಬೇಲಿ ಗಟ್ಟಿಯೆಂದೂ ಸಾಮಾನ್ಯವಾಗಿ ನಂಬಲಾಗಿದೆ. ರೇಮಂಡ್ ಅವರ ಪ್ರಬಂಧವನ್ನು ತಾಳ್ಮೆಯಿಂದ ಓದಿದರೆ ಈ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ. ಅವರ ವಾದದಲ್ಲಿ ದೊಡ್ಡದಾಗಿ ನಿಂತಿರುವುದು ಪರೀಕ್ಷಕರ ಬಳಗ: ತಂತ್ರಾಂಶವನ್ನು ಓಡಿಸಿ ನೋಡಿದ ಒಬ್ಬರು ತೊಂದರೆಯನ್ನು ಕಾಣುತ್ತಾರೆ, ಇನ್ನೊಬ್ಬರು ಅದರ ಕಾರಣವನ್ನು ಗ್ರಹಿಸುತ್ತಾರೆ. ಅಂದರೆ ನಿಯಮ ಹೇಳುವುದು ಬಿಡುಗಡೆಯಾದ ಮೇಲಿನ ಬಳಕೆಯ ಬಗ್ಗೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ನಿಯಮ ಸುಳ್ಳಾಯಿತೆಂದು ಟೀಕಾಕಾರರು ಹೇಳಿದರು. ಆ ಕೋಡಿನ ಮೇಲೆ ಸಾಕಷ್ಟು ಕಣ್ಣುಗಳೇ ಇರಲಿಲ್ಲ ಎಂದು ರೇಮಂಡ್ ಉತ್ತರಿಸಿದರು. ಇಬ್ಬರೂ ಮುಖ್ಯ ಸಂಗತಿಯನ್ನು ದಾಟಿ ಹೋದರೆಂದು ನನಗೆ ಅನ್ನಿಸುತ್ತದೆ. 2011ರ ಡಿಸೆಂಬರ್ 31ರಂದು ಸೇರಿದ ಆ ಬದಲಾವಣೆಯನ್ನು ತಂಡದ ಅನುಭವಿ ಸದಸ್ಯರೊಬ್ಬರು ಓದಿಯೇ ಒಪ್ಪಿದ್ದರು. ಉದ್ದದ ಮಿತಿ ನೋಡದೆ ಸ್ಮೃತಿಯನ್ನು ಓದುವ ತಪ್ಪು ಓದುಗರ ಕಣ್ಣೆದುರೇ ಹಾದುಹೋಯಿತು. ರಿವ್ಯೂ ನಡೆದಿತ್ತು, ಅದು ಸಾಲಲಿಲ್ಲ.

ಹಾರ್ಟ್‌ಬ್ಲೀಡ್ ಪ್ರಾಮಾಣಿಕ ತಪ್ಪು. ಕೇಡಿನ ಉದ್ದೇಶವಿದ್ದ ಪ್ರಕರಣಗಳನ್ನು ಪ್ರತ್ಯೇಕವಾಗಿಯೇ ನೋಡಬೇಕು, ಏಕೆಂದರೆ ಅಲ್ಲಿ ಬರೆಯುವವರು ಓದುಗರ ಕಣ್ಣನ್ನು ಲೆಕ್ಕ ಹಾಕಿಯೇ ಬರೆಯುತ್ತಾರೆ.

2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲಿಗೆ ಹಿಂಬಾಗಿಲು ಹಾಕುವ ಪ್ರಯತ್ನ ನಡೆಯಿತು. ಪ್ರಕ್ರಿಯೆಗಳು ಮುಗಿಯುವುದನ್ನು ಕಾಯುವ ಒಂದು ಫಂಕ್ಷನ್ನಿಗೆ ಸೇರಿಸಿದ ಎರಡು ಸಾಲುಗಳಲ್ಲಿ, ಹೋಲಿಕೆಗೆ ಹಾಕಬೇಕಾದ ಎರಡು ಸಮಚಿಹ್ನೆಗಳ ಬದಲು ಒಂದೇ ಇತ್ತು. ಬಳಕೆದಾರ ಯಾರೆಂದು ಪರೀಕ್ಷಿಸುವಂತೆ ತೋರುವ ಆ ಸಾಲು ವಾಸ್ತವದಲ್ಲಿ ಅವರಿಗೆ ರೂಟ್ ಅಧಿಕಾರ ಕೊಡುತ್ತಿತ್ತು. ಅದನ್ನು ಹಿಡಿದದ್ದು ಯಾವ ರಿವ್ಯೂವೂ ಅಲ್ಲ. ಕರ್ನಲಿನ ಅಧಿಕೃತ ದಾಖಲೆ ಆಗ ಬಿಟ್‌ಕೀಪರ್‌ನಲ್ಲಿತ್ತು; ಅದನ್ನು ಬಳಸಲೊಲ್ಲದವರಿಗಾಗಿ ಸಿವಿಎಸ್ ಪ್ರತಿಯೊಂದು ಇತ್ತು. ಕಳ್ಳಸಾಲುಗಳು ಸೇರಿದ್ದು ಆ ಪ್ರತಿಗೆ. ಮೂಲದಲ್ಲಿ ಅದಕ್ಕೆ ಹೊಂದುವ ದಾಖಲೆ ಇಲ್ಲವೆಂಬುದು ಎರಡನ್ನೂ ಹೋಲಿಸಿದಾಗ ಗೊತ್ತಾಯಿತು. ಕೋಡ್ ಏನು ಹೇಳುತ್ತದೆ ಎಂಬುದಕ್ಕಿಂತ ಮೊದಲು ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಿತು. ಈ ಕ್ರಮವೇ ನನ್ನ ವಾದಕ್ಕೆ ಮುಖ್ಯ.

2021ರ ಮಾರ್ಚ್ 28ರಂದು ಪಿಎಚ್‌ಪಿ ಭಾಷೆಯ ರೆಪೊಸಿಟರಿಗೆ ಅದರ ಜನಕ ರಾಸ್ಮಸ್ ಲೆರ್ಡಾರ್ಫ್ ಮತ್ತು ಪ್ರಮುಖ ಡೆವಲಪರ್ ನಿಕಿತಾ ಪೊಪೊವ್ ಅವರ ಹೆಸರಿನಲ್ಲಿ ಎರಡು ವಂಚಕ ಕಮಿಟ್‌ಗಳು ಬಂದವು; ಒಂದಕ್ಕೆ ಅಕ್ಷರದೋಷ ತಿದ್ದುಪಡಿಯ ವೇಷ ಹಾಕಲಾಗಿತ್ತು. ಕಮಿಟ್ ಆದಮೇಲೆ ಓದಿದ ಸಹೋದ್ಯೋಗಿಗಳು ಕೆಲವೇ ಗಂಟೆಗಳಲ್ಲಿ ಅದನ್ನು ಗುರುತಿಸಿದರು. ಇಲ್ಲಿ ರಿವ್ಯೂ ಗೆದ್ದಿತು ಎನ್ನಬಹುದು, ಆದರೆ ಗೆದ್ದದ್ದು ಸಡಿಲವೆಂದು ಮೂಗು ಮುರಿಯಲಾಗುವ, ಕಮಿಟ್ ನಂತರದ ಓದು. ಬಿಗಿ ರಿವ್ಯೂವೇ ಶ್ರೇಷ್ಠ ಎಂಬ ಮಾತನ್ನು ಈ ಪ್ರಕರಣ ಬೆಂಬಲಿಸುವುದಿಲ್ಲ.

ಎಕ್ಸ್‌ಝಡ್ ಇವೆರಡಕ್ಕಿಂತ ಜಟಿಲ. ಬಹುತೇಕ ಲಿನಕ್ಸ್ ವಿತರಣೆಗಳು ನೆಚ್ಚಿಕೊಂಡ ಈ ಸಂಕುಚನ ಗ್ರಂಥಾಲಯವನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡಿದ್ದರು. ಜಿಯಾ ಟಾನ್ ಎಂಬ ಹೆಸರಿನ ಒಂದು ಖಾತೆ 2021ರಿಂದ ಉಪಯುಕ್ತ ಪ್ಯಾಚುಗಳನ್ನು ಕಳಿಸುತ್ತ ಬಂತು. 2022ರಲ್ಲಿ, ಆಮೇಲೆ ಪತ್ತೆಯೇ ಇಲ್ಲದ ಬೇರೆ ಕೆಲವು ಖಾತೆಗಳು ಕೆಲಸ ನಿಧಾನವೆಂದು ದೂರುತ್ತ, ಇನ್ನೊಬ್ಬ ಮೇಂಟೇನರ್‌ನನ್ನು ಸೇರಿಸಿಕೊಳ್ಳುವಂತೆ ಒತ್ತಡ ಹಾಕಿದವು. ಖಾತೆಗೆ ಕಮಿಟ್ ಅಧಿಕಾರ ಸಿಕ್ಕಿತು, ಕ್ರಮೇಣ ಬಿಡುಗಡೆಯ ಅಧಿಕಾರವೂ ಸಿಕ್ಕಿತು. 2024ರ ಫೆಬ್ರವರಿ 24ರಂದು 5.6.0, ಮಾರ್ಚ್ 9ರಂದು 5.6.1 ಆವೃತ್ತಿಗಳು ಹಿಂಬಾಗಿಲು ಹೊತ್ತು ಹೊರಬಂದವು. ಪೋಸ್ಟ್‌ಗ್ರೆಸ್ಕ್ಯುಎಲ್ ಕಮಿಟರ್ ಆಂಡ್ರೆಸ್ ಫ್ರಾಯ್ಂಡ್, ಡೆಬಿಯನ್‌ನ ಅಸ್ಥಿರ (ಸಿಡ್) ಆವೃತ್ತಿಯಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುವುದನ್ನು ಬೆನ್ನಟ್ಟಿ, ಮಾರ್ಚ್ 29ರಂದು ಸತ್ಯವನ್ನು ಬಹಿರಂಗಪಡಿಸಿದರು. ರೇಮಂಡ್ ಹೇಳಿದ ರೀತಿಯಲ್ಲೇ ಇದು ಸಿಕ್ಕಿತು: ಓಡಿಸಿ ನೋಡಿದವರ ಕೈಗೆ.

ಹಿಂಬಾಗಿಲು ಇದ್ದ ಜಾಗವನ್ನು ಗಮನಿಸಬೇಕು. ಅದರ ಒಂದು ಭಾಗ ಪರೀಕ್ಷೆಗೆಂದು ಹಾಕಿದ ಬೈನರಿ ಕಡತಗಳಲ್ಲಿ ಅಡಗಿತ್ತು. ಅದನ್ನು ಬಿಚ್ಚಿ ಜೋಡಿಸುವ ಸ್ಕ್ರಿಪ್ಟಿನ ಸಾಲುಗಳು ಗಿಟ್ ರೆಪೊಸಿಟರಿಯಲ್ಲಿ ಇರಲೇ ಇಲ್ಲ. ಸಹಿ ಹಾಕಿ ಬಿಡುಗಡೆ ಮಾಡಿದ ಸೋರ್ಸ್ ಕಡತಗಳ ಕಟ್ಟಿನಲ್ಲಿ, ಅಂದರೆ ಟಾರ್‌ಬಾಲಿನಲ್ಲಿ ಮಾತ್ರ ಇದ್ದವು. ಪ್ರತಿ ಕಮಿಟ್ಟನ್ನೂ ಹತ್ತು ಜನ ಓದಿದ್ದರೂ ಆ ಸಾಲುಗಳು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಅಧ್ಯಯನಗಳು ಎಣಿಸುತ್ತ ಬಂದ ರಿವ್ಯೂ ಟಿಪ್ಪಣಿ, ಒಪ್ಪಿಗೆ, ತಡ, ತಿರಸ್ಕಾರಗಳೆಲ್ಲ ರೆಪೊಸಿಟರಿಯ ಹೊಸ್ತಿಲಿನವು. ಕೇಡು ಒಳಬಂದದ್ದು ಇನ್ನೊಂದು ಬಾಗಿಲಿನಿಂದ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೈನರಿ ಕಡತಗಳು ರೆಪೊಸಿಟರಿಯಲ್ಲೇ ಇದ್ದವು, 5.6.0ರ ಯಾವ ಪರೀಕ್ಷೆಯೂ ಅವನ್ನು ಬಳಸುತ್ತಿರಲಿಲ್ಲ. ಸ್ವತಂತ್ರ ರಿವ್ಯೂಕಾರರಿದ್ದಿದ್ದರೆ ಬಳಕೆಯಿಲ್ಲದ ಪರೀಕ್ಷಾ ಕಡತ ಏಕೆ ಎಂದು ಕೇಳಿರುತ್ತಿದ್ದರು. ಲ್ಯಾಂಡ್‌ಲಾಕ್ ಎಂಬ ಕರ್ನಲ್ ರಕ್ಷಣೆ ಲಭ್ಯವೇ ಎಂದು ನೋಡುವ ತಪಾಸಣೆಗೆ ಒಂದೇ ಒಂದು ಚುಕ್ಕಿ ಸೇರಿಸಿ ಅದನ್ನು ನಿಷ್ಕ್ರಿಯಗೊಳಿಸಿದ್ದೂ ರೆಪೊಸಿಟರಿಯಲ್ಲಿ ಎಲ್ಲರಿಗೂ ಕಾಣುವಂತೆಯೇ ಇತ್ತು. ಈ ಮಾತು ನಿಜ. ಆದರೆ ಆ ರಿವ್ಯೂಕಾರರ ಶಕ್ತಿ ಅವರ ಕಣ್ಣಿನ ಚುರುಕಿನಿಂದ ಬರುವುದಿಲ್ಲ. ಅವರ ಒಪ್ಪಿಗೆಯಿಲ್ಲದೆ ಕೆಲಸ ಮುಂದೆ ಸಾಗದು ಎಂಬ ವ್ಯವಸ್ಥೆಯಿಂದ ಬರುತ್ತದೆ. ಬ್ಯಾಂಕ್ ಲಾಕರಿಗೆ ಎರಡು ಕೀಲಿಗಳಿರುವಂತೆ, ಬರೆಯುವವರು ಮತ್ತು ಸಹಿ ಹಾಕುವವರು ಬೇರೆಯಾಗಿದ್ದಾಗಲೇ ರಿವ್ಯೂಗೆ ಬೆಲೆ.

ಹೀಗಾಗಿ ನನ್ನ ಪ್ರತಿಪಾದನೆ ಇದು: ಉದ್ದೇಶಪೂರ್ವಕ ಕೇಡಿನ ವಿರುದ್ಧ ಯೋಜನೆಯನ್ನು ಕಾಯುವುದರಲ್ಲಿ ರಿವ್ಯೂಕಾರರ ಸಂಖ್ಯೆಗಿಂತಲೂ, ಕಮಿಟ್‌ಗೆ ಮೊದಲು ಓದಬೇಕೋ ನಂತರವೋ ಎಂಬ ನಿಯಮಕ್ಕಿಂತಲೂ, ಬರೆಯುವ, ಒಪ್ಪುವ ಮತ್ತು ಬಿಡುಗಡೆ ಮಾಡುವ ಅಧಿಕಾರಗಳು ಬೇರೆ ಬೇರೆ ಕೈಗಳಲ್ಲಿವೆಯೇ ಎಂಬುದು ಹೆಚ್ಚು ನಿರ್ಣಾಯಕ. ಈ ಮಾತಿಗೆ ಮಿತಿಗಳಿವೆ. ಮೊದಲನೆಯದಾಗಿ, ನಮಗೆ ತಿಳಿದಿರುವುದು ಬಯಲಾದ ಪ್ರಕರಣಗಳು ಮಾತ್ರ. ರಿವ್ಯೂನಲ್ಲೇ ಸದ್ದಿಲ್ಲದೆ ತಿರಸ್ಕೃತವಾದ ಕೇಡುಗಳು ಯಾವ ದಾಖಲೆಗೂ ಬರುವುದಿಲ್ಲ, ಹಾಗಾಗಿ ರಿವ್ಯೂವಿನ ಶಕ್ತಿ ನನ್ನ ಉದಾಹರಣೆಗಳಲ್ಲಿ ಕಡಿಮೆಯಾಗಿ ಕಾಣುವ ಸಂಭವವಿದೆ. ಎರಡನೆಯದಾಗಿ, ನೇರ ಪ್ರತಿಸಾಕ್ಷ್ಯವೂ ಇದೆ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸುಳ್ಳು ಗುರುತಿನಿಂದ ಲಿನಕ್ಸ್‌ಗೆ ದೋಷಪೂರ್ಣ ಪ್ಯಾಚು ಕಳಿಸಿದ ವಿಷಯ 2021ರಲ್ಲಿ ದೊಡ್ಡ ವಿವಾದವಾಯಿತು. ಲಿನಕ್ಸ್ ಫೌಂಡೇಶನ್ನಿನ ತಾಂತ್ರಿಕ ಸಲಹಾ ಮಂಡಳಿ ವಿಚಾರಣೆ ನಡೆಸಿ, ಆ ಸುಳ್ಳು ಗುರುತಿನ ಕೆಟ್ಟ ಪ್ಯಾಚುಗಳಲ್ಲಿ ಯಾವುದೂ ಮೇಂಟೇನರ್‌ಗಳನ್ನು ದಾಟಲಿಲ್ಲ ಎಂದು ತೀರ್ಮಾನಿಸಿತು. ಆದರೆ ಅದೇ ವಿಶ್ವವಿದ್ಯಾಲಯದಿಂದ ಮೊದಲೇ ಬಂದಿದ್ದ 435 ಕಮಿಟ್‌ಗಳನ್ನು ಮರುಪರಿಶೀಲಿಸಿದಾಗ 39 ತಪ್ಪಾಗಿದ್ದು ತಿದ್ದುಪಡಿ ಬೇಡುತ್ತಿದ್ದವು. ಬಹುತೇಕ ಸದುದ್ದೇಶದ ತಪ್ಪುಗಳಾದ ಅವು ಆಗಿನ ರಿವ್ಯೂವನ್ನು ಹಾದೇ ಬಂದಿದ್ದವು. ಒಂದೇ ಪ್ರಕರಣ ಎರಡೂ ಕಡೆಗೆ ತೂಗುತ್ತದೆ.

ರೆಪೊಸಿಟರಿಯ ಕೋಡನ್ನು ಓದಿದರಷ್ಟೇ ಸಾಲದು ಎಂಬ ಮಾತು ಹೊಸದಲ್ಲ. ತಂತ್ರಾಂಶವನ್ನು ಕಟ್ಟುವ ಸಾಧನವೇ ಕೆಟ್ಟರೆ ಸೋರ್ಸ್ ಕೋಡ್ ಓದಿ ಉಪಯೋಗವಿಲ್ಲವೆಂದು ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ಅದು 1984ರಲ್ಲಿ ಪ್ರಕಟವಾಯಿತು. ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ 2006ರಲ್ಲಿ ಮಾಡಿದ ಬದಲಾವಣೆಯೂ ಇಲ್ಲಿ ನೆನಪಾಗಬೇಕು. ಮೂಲ ಯೋಜನೆಯ ರೆಪೊಸಿಟರಿಗೆ ಸೇರದೆ ವಿತರಣೆಯ ಹಂತದಲ್ಲೇ ಉಳಿದ ಆ ತಿದ್ದುಪಡಿ ಕೀಲಿಗಳ ಯಾದೃಚ್ಛಿಕತೆಯನ್ನು ಪ್ರಕ್ರಿಯೆ ಸಂಖ್ಯೆಯೊಂದಕ್ಕೆ, ಅಂದರೆ ಸುಮಾರು 32,768 ಸಾಧ್ಯತೆಗಳಿಗೆ ಇಳಿಸಿತು. 2008ರ ಮೇವರೆಗೆ ಅದು ಬೆಳಕಿಗೆ ಬರಲಿಲ್ಲ. ಅಲ್ಲಿ ಕೇಡಿನ ಉದ್ದೇಶ ಇರಲಿಲ್ಲ, ಆದರೆ ಬಾಗಿಲು ಅದೇ.

ಪರಿಹಾರದ ವಿಷಯದಲ್ಲಿ ಉತ್ತರಗಳು ಅಪೂರ್ಣ. ಒಂದೇ ಸೋರ್ಸಿನಿಂದ ಯಾರು ಕಟ್ಟಿದರೂ ಒಂದೇ ಬೈನರಿ ಬರಬೇಕೆಂಬ ಪುನರುತ್ಪಾದನೀಯ ನಿರ್ಮಾಣದ ಪ್ರಯತ್ನ ಡೆಬಿಯನ್ ಸೇರಿದಂತೆ ಹಲವೆಡೆ ನಡೆದಿದೆ. ಅದು ಟಾರ್‌ಬಾಲ್ ಮತ್ತು ಬೈನರಿಯ ನಡುವಿನ ಅಂತರವನ್ನು ಕಾಯುತ್ತದೆ. ಎಕ್ಸ್‌ಝಡ್‌ನಲ್ಲಿ ಬಿರುಕು ಇದ್ದದ್ದು ಅದಕ್ಕೂ ಹಿಂದೆ, ರೆಪೊಸಿಟರಿ ಮತ್ತು ಟಾರ್‌ಬಾಲಿನ ನಡುವೆ. ಒಬ್ಬರೇ ಮೇಂಟೇನರ್ ಇರುವ ಯೋಜನೆಗಳಲ್ಲಿ ಅಧಿಕಾರವನ್ನು ಯಾರ ನಡುವೆ ಹಂಚುವುದು ಎಂಬ ಪ್ರಶ್ನೆಗೆ ನನ್ನ ವಾದ ಉತ್ತರ ಕೊಡುವುದಿಲ್ಲ. ಎರಡನೆಯ ಕೈ ಬೇಕೆಂಬ ಒತ್ತಡವನ್ನೇ ಎಕ್ಸ್‌ಝಡ್‌ನಲ್ಲಿ ವಂಚಕರು ಬಳಸಿಕೊಂಡರೆಂಬುದು ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಮುಂದೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಯೋಜನೆಯ ರಿವ್ಯೂ ಅಂಕಿಅಂಶ ತೆಗೆಯುವ ಮೊದಲು, ಅದರ ಬಿಡುಗಡೆಗೆ ಸಹಿ ಹಾಕಬಲ್ಲವರು ಎಷ್ಟು ಜನ, ಅವರಲ್ಲಿ ಕಮಿಟ್ ಅಧಿಕಾರವೂ ಇರುವವರು ಎಷ್ಟು, ಟಾರ್‌ಬಾಲನ್ನು ರೆಪೊಸಿಟರಿಯೊಂದಿಗೆ ಹೋಲಿಸಿ ನೋಡುವವರು ಯಾರಾದರೂ ಇದ್ದಾರೆಯೇ ಎಂಬುದನ್ನು ದಾಖಲಿಸಬೇಕೆಂದು ಕೋರುತ್ತೇನೆ.