ಕಂದಾಯದ ಚೀಟಿ ಎಬ್ಬಿಸಿದ ದಂಗೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡಿರೋ ಕನ್ನಡದ ಕಲೀಗ್ ಯಾರಾದ್ರೂ ನಿಮಗೆ ಗೊತ್ತಿದ್ದರೆ, ಪಕ್ಕದ ಮನೆಯ ಅಜ್ಜ ಎಷ್ಟು ಮನೆ ಕಂದಾಯ ಕಟ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಒಂದು ನಿಟ್ಟುಸಿರು ಗ್ಯಾರಂಟಿ.

ಲೆಕ್ಕ ಹೀಗೆ. 1975ರಲ್ಲಿ 50 ಸಾವಿರ ಡಾಲರ್ ಬಾಳುತ್ತಿದ್ದ ಮನೆಯೊಂದು ಕೈ ಬದಲಾಗದೆ ಉಳಿದಿದೆ ಅಂದ್ಕೊಳ್ಳಿ. ಕಾನೂನು ಬಿಡುವ ಗರಿಷ್ಠ ಏರಿಕೆ ವರ್ಷಕ್ಕೆ ಶೇ. 2. ಹಾಗೆ ಏರಿಸುತ್ತಾ ಬಂದರೂ 2020ಕ್ಕೆ ಸರ್ಕಾರದ ಪುಸ್ತಕದಲ್ಲಿ ಅದರ ಬೆಲೆ ಸುಮಾರು 1.22 ಲಕ್ಷ ಡಾಲರ್. ಶೇ. 1ರಂತೆ ಮೂಲ ತೆರಿಗೆ 1,220 ಡಾಲರ್. ಅದೇ ಬೀದಿಯಲ್ಲಿ, ಅಂಥದ್ದೇ ಮನೆಯನ್ನು 2020ರಲ್ಲಿ 15 ಲಕ್ಷ ಡಾಲರ್ ಕೊಟ್ಟು ಕೊಂಡವನಿಗೆ 15 ಸಾವಿರ. ರಸ್ತೆ ಒಂದೇ, ಶಾಲೆ ಒಂದೇ, ಕಂದಾಯ ಮಾತ್ರ ಹನ್ನೆರಡು ಪಟ್ಟು.

ಇದು ಯಾವನೋ ಗುಮಾಸ್ತನ ಎಡವಟ್ಟಲ್ಲ. 1978ರ ಜೂನ್ 6ರಂದು ಆ ರಾಜ್ಯದ ಜನ ಶೇ. 65ರಷ್ಟು ಮತ ಹಾಕಿ ತಂದುಕೊಂಡ ತಿದ್ದುಪಡಿ. ಹೆಸರು ಪ್ರಾಪೊಸಿಷನ್ 13. ಅಮೆರಿಕದ ಬಲಪಂಥೀಯ ರಾಜಕಾರಣ ಬೀದಿಯಿಂದ, ಮನೆಮನೆಯಿಂದ ಹೇಗೆ ಎದ್ದು ಬಂತು ಅಂತ ತಿಳೀಬೇಕಾದ್ರೆ ಮೊದಲು ಓದಬೇಕಾದ ಕಥೆ ಇದೇ ಅನ್ನೋದು ನನ್ನ ಅಭಿಪ್ರಾಯ.

ಕಥೆಯ ಮಜಾ ಏನಂದ್ರೆ, ಈ ದಂಗೆಯ ಬೀಜ ಬಿತ್ತಿದ್ದು ಭ್ರಷ್ಟಾಚಾರವಲ್ಲ, ಭ್ರಷ್ಟಾಚಾರ ನಿಲ್ಲಿಸಿದ ಸುಧಾರಣೆ! 1960ರ ದಶಕದಲ್ಲಿ ಅಲ್ಲಿ ಆಸ್ತಿಯ ಬೆಲೆ ಕಟ್ಟುವ ಅಧಿಕಾರಿಗಳು ಜನರಿಂದಲೇ ಚುನಾಯಿತರಾಗುತ್ತಿದ್ದರು. ಮನೆ ಇರುವವರೇ ಮತದಾರರು. ಹಾಗಾಗಿ ಮನೆಗಳಿಗೆ ಕಡಿಮೆ ಬೆಲೆ ಬರೆದು, ಅಂಗಡಿ-ಕಾರ್ಖಾನೆಗಳಿಗೆ ಜಾಸ್ತಿ ಬರೆಯೋದು ರೂಢಿ. ಯಾವ ಕಾನೂನಿನಲ್ಲೂ ಬರೆಯದ ರಿಯಾಯಿತಿ ಅದು. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಧಿಕಾರಿ ರಸೆಲ್ ವೋಲ್ಡನ್ ಲಂಚದ ಪ್ರಕರಣ ಬಯಲಾಯ್ತು. ಮರುವರ್ಷ ರಾಜ್ಯ ಕಾನೂನು ತಂತು: ಮನೆಯಿರಲಿ ಮಿಲ್ಲಿರಲಿ, ಎಲ್ಲಕ್ಕೂ ಮಾರುಕಟ್ಟೆ ಬೆಲೆಯ ಶೇ. 25ರ ಮೇಲೆಯೇ ತೆರಿಗೆ ಲೆಕ್ಕ. ಪ್ರಾಮಾಣಿಕ ಅಳತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಫಿಕ್ಸ್ ಮಾಡಿದ್ರು. ಆದರೆ ಆ ಬಗ್ ನಂಬಿಕೊಂಡೇ ಲಕ್ಷಾಂತರ ಜನ ಸಂಸಾರ ಹೂಡಿದ್ದರು.

70ರ ದಶಕದಲ್ಲಿ ಮನೆಗಳ ಬೆಲೆ ನುಗ್ಗಿ ಏರಿತು. ಅಳತೆ ಈಗ ಕರಾರುವಾಕ್ಕು, ಹಾಗಾಗಿ ಕಂದಾಯವೂ ಬೆನ್ನಿಗೇ ಏರಿತು. ಪಿಂಚಣಿ ಮಾತ್ರ ಏರಲಿಲ್ಲ. ಹಳ್ಳಿಯಲ್ಲಿ ಬೆಳೆದ ನನಗೆ ಈ ಸಂಕಟ ಬೇಗ ಅರ್ಥವಾಗುತ್ತೆ. ನಮ್ಮೂರ ಪಕ್ಕ ರಸ್ತೆ ಅಗಲವಾಗಿ ಹೊಲದ ರೇಟು ಏರಿದಾಗ ಊರೆಲ್ಲಾ ಅಪ್ಪನನ್ನ "ನೀನೀಗ ಸಾವ್ಕಾರ ಕಣಪ್ಪಾ" ಅಂದ್ರು. ಜೇಬಿಗೆ ಮಾತ್ರ ಒಂದು ರೂಪಾಯಿ ಬರಲಿಲ್ಲ. ಮಾರಿದ್ರೆ ತಾನೇ ದುಡ್ಡು? ಮಾರಿದ ಮೇಲೆ ಇರೋದೆಲ್ಲಿ?

ಈ ಸಂಕಟವನ್ನ ಮತವಾಗಿ ಪರಿವರ್ತಿಸಿದ್ದು 75 ದಾಟುತ್ತಿದ್ದ ಹೋವರ್ಡ್ ಜಾರ್ವಿಸ್. ನಿವೃತ್ತ ಉದ್ಯಮಿ, ಒರಟು ಮಾತಿನ ಮುದುಕ. ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿ ಸೋತಿದ್ದವನು. ರಾಜ್ಯದ ದಕ್ಷಿಣದಲ್ಲಿ ಅವನು, ಉತ್ತರದಲ್ಲಿ ಪಾಲ್ ಗ್ಯಾನ್ ಕೈಜೋಡಿಸಿದರು. ಲಾಸ್ ಏಂಜಲೀಸ್‌ನ ಸ್ಯಾನ್ ಫರ್ನಾಂಡೋ ಕಣಿವೆಯ ಮನೆಮಾಲೀಕರ ಸಂಘಗಳು ಜೊತೆಗೆ ನಿಂತವು. ಬೇಕಿದ್ದ ಸಹಿ ಸುಮಾರು 5 ಲಕ್ಷ, ಬಂದದ್ದು 12 ಲಕ್ಷಕ್ಕೂ ಹೆಚ್ಚು! ದೊಡ್ಡ ಕಂಪನಿಗಳ ಹಣದಿಂದ ಆದದ್ದು ಅಂತ ತಳ್ಳಿಹಾಕೋಕೂ ಆಗಲ್ಲ. ಬ್ಯಾಂಕ್ ಆಫ್ ಅಮೆರಿಕದಂಥ ಸಂಸ್ಥೆಗಳೇ ಇದನ್ನು ವಿರೋಧಿಸಿದ್ದವು. ಕಂದಾಯದ ವಿರುದ್ಧ ಎಡಪಂಥೀಯ ಗುಂಪುಗಳೂ ಹೋರಾಡುತ್ತಿದ್ದವು. ಆದರೆ ಮತಪತ್ರಕ್ಕೆ ಸರಳ ಪರಿಹಾರ ಬರೆದು ಮೊದಲು ತಲುಪಿದವರು ಬಲಪಂಥದವರು.

ಸರ್ಕಾರ ಏನ್ ಮಾಡ್ತಿತ್ತು? ಗವರ್ನರ್ ಜೆರ್ರಿ ಬ್ರೌನ್ ಖಜಾನೆಯಲ್ಲಿ ನೂರಾರು ಕೋಟಿ ಡಾಲರ್ ಹೆಚ್ಚುವರಿ ಹಣ ಬಿದ್ದಿತ್ತು. ಶಾಸಕರು ಪರಿಹಾರದ ಬಗ್ಗೆ ಚರ್ಚಿಸುತ್ತಲೇ ಇದ್ದರು. ಕೊನೆಗೆ ತಂದ ಪರ್ಯಾಯವನ್ನ ಜನ ಅದೇ ದಿನ ತಿರಸ್ಕರಿಸಿದರು. ಗೆದ್ದ ಮೇಲೆ ಬ್ರೌನ್ ಕೂಡ ಪ್ರಾಪ್ 13ರ ಭಕ್ತನಾಗಿ ನವೆಂಬರಿನಲ್ಲಿ ಮರುಆಯ್ಕೆಯಾದ. ಜಾರ್ವಿಸ್ ಟೈಮ್ ಪತ್ರಿಕೆಯ ಮುಖಪುಟಕ್ಕೇರಿದ. 1980ರ 'ಏರ್‌ಪ್ಲೇನ್!' ಸಿನಿಮಾದಲ್ಲಿ, ಮೀಟರ್ ಓಡುತ್ತಿರುವ ಟ್ಯಾಕ್ಸಿಯಲ್ಲಿ ತಾಳ್ಮೆಯಿಂದ ಕಾಯುವ ಪ್ರಯಾಣಿಕ ಇದೇ ಪುಣ್ಯಾತ್ಮ. ಅದೇ ವರ್ಷ ಮಸಾಚುಸೆಟ್ಸ್ ಜನ ತಮ್ಮದೇ ಕಂದಾಯ ಮಿತಿಗೆ ಮತ ಹಾಕಿದರು, ರೇಗನ್ ಅಧ್ಯಕ್ಷನಾಗಿ ಚುನಾಯಿತನಾದ.

ಗೆದ್ದವರಿಗೆ ಸಿಕ್ಕಿದ್ದೇನು? ಆಸ್ತಿ ತೆರಿಗೆಯ ಆದಾಯ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ವಯಸ್ಸಾದವರು ಮನೆ ಉಳಿಸಿಕೊಂಡರು. ಇದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಇಳಿಯುತ್ತೆ ಅಂತ ಜಾರ್ವಿಸ್ ಕೊಟ್ಟ ಮಾತು ನಡೆಯಲಿಲ್ಲ. ಸಿಟ್ಟಿಗೆದ್ದ ಬಾಡಿಗೆದಾರರು ಸ್ಯಾಂಟಾ ಮೋನಿಕಾದಲ್ಲಿ 1979ರಲ್ಲಿ ಬಾಡಿಗೆ ನಿಯಂತ್ರಣ ತಂದರು. ಮನೆಗಿದ್ದ ರಕ್ಷಣೆ ಕಾರ್ಖಾನೆ, ಆಫೀಸುಗಳಿಗೂ ದಕ್ಕಿತು. ಕಂಪನಿಗೆ ವಯಸ್ಸಾಗಲ್ಲ, ಸಾಯೋದೂ ಇಲ್ಲ, ಬೇಕಾದ್ರೆ ಆಸ್ತಿ ಮಾರೋದೂ ಇಲ್ಲ. ಇನ್ನೂ ದೊಡ್ಡ ವಿಚಿತ್ರ: ಸ್ಥಳೀಯ ಕಂದಾಯವನ್ನ ಊರುಗಳಿಗೆ ಹಂಚುವ ಅಧಿಕಾರ ರಾಜಧಾನಿ ಸ್ಯಾಕ್ರಮೆಂಟೋ ಪಾಲಾಯ್ತು. ಸರ್ಕಾರದ ಕೈ ಕಟ್ಟಿಹಾಕಲು ಹೊರಟವರು ಕಟ್ಟಿದ್ದು ತಮಗೆ ಹತ್ತಿರದ ಸರ್ಕಾರದ ಕೈಯನ್ನ.

ಹೊಸಬರು ಸುಮ್ಮನಿರಲಿಲ್ಲ. ಈ ತಾರತಮ್ಯ ಸುಪ್ರೀಂ ಕೋರ್ಟಿಗೂ ಹೋಯ್ತು. 1992ರಲ್ಲಿ 8-1 ಬಹುಮತದಿಂದ ಕೋರ್ಟು ಕಾನೂನನ್ನ ಎತ್ತಿಹಿಡಿಯಿತು. ವಾಣಿಜ್ಯ ಆಸ್ತಿಗಳಿಗಾದ್ರೂ ಇಂದಿನ ಬೆಲೆಯ ಮೇಲೆ ತೆರಿಗೆ ಹಾಕೋಣ ಅನ್ನುವ ಪ್ರಸ್ತಾವ 2020ರಲ್ಲಿ ಅಲ್ಪ ಅಂತರದಲ್ಲಿ ಬಿದ್ದುಹೋಯ್ತು.

ಜಾರ್ವಿಸ್‌ನ ಹಿಂದೆ ನಿಂತವರನ್ನ ಸ್ವಾರ್ಥಿಗಳು ಅಂದುಬಿಡೋದು ಸುಲಭ. ನನಗೆ ಹಾಗನ್ನಿಸಲ್ಲ. ಅವರು ಕೇಳಿದ್ದು ಮುಂದಿನ ವರ್ಷದ ಚೀಟಿ ಎಷ್ಟಿರುತ್ತೆ ಅನ್ನೋ ಖಾತ್ರಿ. ಹಳೇ ವ್ಯವಸ್ಥೆ ಅದನ್ನ ಕದ್ದುಮುಚ್ಚಿ ಕೊಡ್ತಿತ್ತು. ಸುಧಾರಕರು ಅದನ್ನ ಕಿತ್ತುಕೊಂಡರು, ಬದಲಿಗೆ ಬೇರೇನೂ ಕೊಡಲಿಲ್ಲ. ಆ ಜಾಗ ಖಾಲಿ ಬಿದ್ದಿದ್ದಾಗ ಜಾರ್ವಿಸ್ ಬಂದ. ಅವನು ಕೊಟ್ಟ ಖಾತ್ರಿಯ ಬಿಲ್ಲು, ಆ ದಿನ ಮತ ಹಾಕೋಕೆ ಊರಲ್ಲೇ ಇಲ್ಲದವರ ಹೆಸರಿಗೆ, ಇನ್ನೂ ಹುಟ್ಟದವರ ಹೆಸರಿಗೆ ಬರೆಯಲಾಯ್ತು. ಅದನ್ನ ಈಗ ಕಟ್ಟುತ್ತಿರುವವರಲ್ಲಿ ನಮ್ಮ ಹಾಸನ, ದಾವಣಗೆರೆ ಕಡೆಯ ಹುಡುಗರೂ ಇದ್ದಾರೆ.